ಒನ್ಸ್ ಮೋರ್ ಅಂದರೆ ಎದ್ದು ಬರುತ್ತಿದ್ದ ನಮ್ಮ ಮಾವ

ನಮ್ಮ ಸೋದರಮಾವ ಸತ್ತಷ್ಟು ಸಲ ಚಾಮರಾಜಪೇಟೆಯಲ್ಲಿ ಇನ್ನಾರೂ ಸತ್ತಿಲ್ಲ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳಬಲ್ಲೆ. ಚಾಮರಾಜಪೇಟೆ ಯಾಕೆ, ಬಸವನಗುಡಿ, ಮಲ್ಲೇಶ್ವರ ಎರಡನ್ನೂ ಸೇರಿಸಿಕೊಂಡು ಹುಡುಕಿದರೂ ಅವರ ಹತ್ತಿರಕ್ಕೆ ಬರುವ ಇನ್ನೊಬ್ಬ ಗೃಹಸ್ಥ ಸಿಕ್ಕಲಾರ. ನಾವು ನೀವೆಲ್ಲ ಒಂದೇ ಒಂದು ಸಲ ಸಾಯುವುದಕ್ಕೆ ಹೆದರಿ ಟಾನಿಕ್ ಕುಡಿಯುವ ಪೈಕಿ. ನಮ್ಮ ಮಾವನಾದರೋ ಶನಿವಾರ ಸತ್ತು, ಭಾನುವಾರ ಮತ್ತೆ ಸತ್ತು, ಸೋಮವಾರ ಬೆಳಿಗ್ಗೆ ಕೈಚೀಲ ಹಿಡಿದು ಸೊಪ್ಪು ತರಲು ಹೊರಡುತ್ತಿದ್ದರು!

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ, ‘ಅವರ ಗದೆ ಏಟು ನಾನು ಕಣ್ಣಾರೆ ನೋಡಿದೀನಿ’ ಅನ್ನುತ್ತಾ ಬಾಗಿಲಿಗೆ ಬರುವ ಹಿರಿಯರು ಈ ಊರಲ್ಲಿ ಇನ್ನೂ ಇದ್ದಾರೆ. ಅವರಿಗೆಲ್ಲ ಕಾಫಿ ಮಾಡಿಕೊಡುವ ತಾಳ್ಮೆ ನನ್ನ ಹೆಂಡತಿಗೆ ಇಲ್ಲ.

ಮಾವ ಒಂದು ನಾಟಕ ಕಂಪನಿಯ ರಾಕ್ಷಸ ಪಾರ್ಟಿನವರು. ಗದೆ, ಕತ್ತಿ, ಕುಸ್ತಿ, ಈ ಮೂರೇ ಅವರ ವಿದ್ಯೆ. ಬಾಯಿಪಾಠ ಮಾಡಿದ ಮಾತುಗಳನ್ನು ಆದಷ್ಟು ಬೇಗ ಹೇಳಿ ಮುಗಿಸಿ, ‘ಬಾರೋ ಎದುರಿಗೆ!’ ಎಂದು ತೊಡೆ ತಟ್ಟಿದರೆಂದರೆ ಅಲ್ಲಿಂದ ಮುಂದಕ್ಕೆ ಟಿಕೆಟ್ಟಿನ ಕಾಸು ವಸೂಲಾಯಿತೆಂದು ಜನ ಕಾಲು ನೀಡಿ ಕೂರುತ್ತಿದ್ದರು. ಅವರು ಸಾಯುವುದನ್ನು ನೋಡಲೆಂದೇ ಊರೂರಿನಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಗದೆ ಬುಗುರಿಯಂತೆ ತಿರುಗಿ ಕೈಬಿಡುವುದು, ಮಾವ ಮೂರು ಸುತ್ತು ತೂರಾಡುವುದು, ಕಿರೀಟ ಒಂದು ಕಡೆ, ಮಾವ ಒಂದು ಕಡೆ, ಧೊಪ್ಪನೆ ಹಲಗೆಯ ಮೇಲೆ ಬೀಳುವುದು, ಧೂಳೇಳುವುದು! ಮುಂದಿನ ಸಾಲಿನವರು ಸೀನುತ್ತಾ ಚಪ್ಪಾಳೆ ತಟ್ಟುತ್ತಿದ್ದರು.

ಆಗಿನ ನಾಟಕಗಳಲ್ಲಿ ಒಂದು ಪದ್ಧತಿ ಇತ್ತು. ಹಾಡೋ, ಕತ್ತಿವರಸೆಯೋ, ಸಾವೋ, ಯಾವುದು ಹಿಡಿಸಿದರೂ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಕೂಗಿದ ಮೇಲೆ ಅದನ್ನು ಇನ್ನೊಂದು ಸಲ ಮಾಡಿ ತೋರಿಸದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ಕಥೆಯ ಗತಿ ಏನಾಯಿತು ಅನ್ನುತ್ತೀರಾ? ಕಥೆ ಕಾಯುತ್ತಾ ನಿಂತಿರಬೇಕು! ಸತ್ತುಬಿದ್ದ ಮಾವ ಎದ್ದು ಕೂತು, ಮೈ ಕೊಡವಿಕೊಂಡು, ಕಿರೀಟ ಎಲ್ಲಿ ಉರುಳಿತೆಂದು ಹುಡುಕಿ ತಲೆಗಿಟ್ಟುಕೊಂಡು, ಪ್ರೇಕ್ಷಕರಿಗೊಂದು ನಮಸ್ಕಾರ ಹಾಕಿ, ಕೊಂದ ನಾಯಕನ ಕಡೆಗೆ ತಿರುಗಿ, “ಬಾಪ್ಪಾ, ಇನ್ನೊಂದ್ಸಲ ಹೊಡಿ” ಅನ್ನುತ್ತಿದ್ದರು. ಒಂದು ದಿನ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್ ಬಿದ್ದು, ಬಡಕಲು ನಾಯಕ ಗದೆ ಎತ್ತಲಾರದೆ ಏದುಸಿರು ಬಿಡುತ್ತಾ ಕೂತೇಬಿಟ್ಟನಂತೆ. ಮಾವ ಅವನ ಬೆನ್ನು ಸವರಿ, ಅವನ ಗದೆಯನ್ನು ತಾವೇ ಇಸಿದುಕೊಂಡು, ತಮ್ಮ ತಲೆಗೆ ತಾವೇ ಬಡಿದುಕೊಂಡು ಸತ್ತರು. “ಕೇಳಿದವರಿಗೆ ಇಲ್ಲ ಅನ್ನಬಾರ್ದು ಕಣೋ ಅಳಿಯಾ. ಅವರು ಕೇಳೋದು ಇನ್ನೇನು, ನನ್ನ ಪ್ರಾಣ ತಾನೆ?” ಎಂದು ನನಗೆ ಹೇಳಿದ್ದರು.

ಇಷ್ಟೆಲ್ಲ ಆಗುತ್ತಿದ್ದರೂ ಇದೊಂದನ್ನೂ ನೋಡದವರು ಊರಲ್ಲಿ ಒಬ್ಬರೇ ಒಬ್ಬರಿದ್ದರು. ಅವರೇ ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ.

ಗಂಡ ಸಾಯುವುದನ್ನು ಟಿಕೆಟ್ ಕೊಂಡು ನೋಡುವ ಹೆಂಗಸು ಎಲ್ಲಾದರೂ ಉಂಟೇ ಎಂಬುದು ಅವರ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ನಾಟಕ ಇದ್ದ ದಿನ ಅವರು ಕತ್ತಿನ ತಾಳಿಯನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಕೂತುಬಿಡುತ್ತಿದ್ದರು. ಮಾವ ಮನೆಗೆ ಬಂದರೆ ಹೊಸ್ತಿಲು ದಾಟುವ ಹಾಗಿಲ್ಲ. “ಅಲ್ಲೇ ನಿಂತ್ಕೊಳಿ! ಊರಿನವರೆಲ್ಲ ಸತ್ತ ಸತ್ತ ಅಂತ ಬಾಯಿ ಮಾಡಿರ್ತಾರೆ” ಎಂದು ಒಳಗಿನಿಂದ ಉಪ್ಪು, ಒಣಮೆಣಸಿನಕಾಯಿ ತಂದು, ಮುಖದ ಮುಂದೆ ನಿವಾಳಿಸಿ, ಕೆಂಡಕ್ಕೆ ಹಾಕಬೇಕು. ಅದೂ ಲೆಕ್ಕವಾಗಿ! “ಇವತ್ತು ಎಷ್ಟು ಸಲ ಎಬ್ಬಿಸಿದ್ರು?” ಎಂದು ಕೇಳಿ, ಎಷ್ಟು ಸಾವೋ ಅಷ್ಟು ಸಲ ನಿವಾಳಿಸುತ್ತಿದ್ದರು.

ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಿಮಗೆ ಗೊತ್ತಿರುವ ಸಂಗತಿ. “ನೋಡಿದ್ರಾ, ಒಂಚೂರಾದ್ರೂ ಘಾಟು ಬಂತಾ? ಎಷ್ಟು ದೃಷ್ಟಿಯಾಗಿತ್ತು ನಿಮ್ಗೆ!” ಎಂದು ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಹೇಳುವ ಹೊತ್ತಿಗೆ, ಪಕ್ಕದ ಮನೆಯ ನಿವೃತ್ತ ಅಮಲ್ದಾರರು ಕೆಮ್ಮಿ ಕೆಮ್ಮಿ ಬೀದಿಗೆ ಬಂದು ನಿಂತಿರುತ್ತಿದ್ದರು. ಪಾಪ, ಅವರಿಗೆ ನಾಟಕ ನೋಡದೆಯೇ ಅದು ಗೆದ್ದಿತೋ ಬಿದ್ದಿತೋ ತಿಳಿದುಹೋಗುತ್ತಿತ್ತು. ಮಾರನೆಯ ಬೆಳಿಗ್ಗೆ ಬೇಲಿಯ ಮೇಲಿಂದ, “ನಿನ್ನೆ ಭರ್ಜರಿ ಆಯ್ತು ಅನ್ಸತ್ತೆ ಸ್ವಾಮಿ. ನನಗೆ ನಿದ್ದೆನೇ ಇಲ್ಲ” ಎಂದು ಅಭಿನಂದಿಸುತ್ತಿದ್ದರು.

ಇಂಥ ಗಂಡುಗಲಿ ಮನೆಯೊಳಗೆ ಹೇಗಿದ್ದರೆಂದರೆ, ಹೇಳಿದರೆ ನಂಬುವುದಿಲ್ಲ. ನನಗೆ ಬೆಂಗಳೂರಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಾಗ ಅವರ ಮಗಳು ಮದುವೆಯಾಗಿ ಹಾಸನಕ್ಕೆ ಹೋಗಿದ್ದಳು. ಅವಳ ಕೋಣೆ ನನಗೆ ದಕ್ಕಿತು. ಆದ್ದರಿಂದ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಮಾವ ಹೆಂಡತಿಯನ್ನು ಕೇಳದೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡುತ್ತಿರಲಿಲ್ಲ. “ಏನೇ, ಇವತ್ತು ಚಳಿ ಇದ್ಯೇನೇ?” ಎಂದು ಕೇಳಿ, ಇದೆ ಅಂದರೆ ಶಾಲು ಹೊದೆಯುತ್ತಿದ್ದರು. “ಏನೇ, ನಾನು ಸ್ನಾನ ಮಾಡಿದ್ನೇನೇ?” ಎಂದೂ ಕೇಳಿದ್ದುಂಟು. ಒಂದು ದಿನ ಜಗಲಿಯಲ್ಲಿ ಬಹಳ ಹೊತ್ತು ಯೋಚನೆ ಮಾಡುತ್ತಾ ಕೂತಿದ್ದವರು ಒಳಕ್ಕೆ ತಲೆಹಾಕಿ, “ಏನೇ, ನನಗೆ ಹಸಿವಾಗಿದ್ಯೇನೇ?” ಅಂದರು.

“ಆಗಿದೆ. ಬನ್ನಿ, ಎಲೆ ಹಾಕಿದೀನಿ” ಎಂದರು ಅತ್ತೆ, ಒಲೆಯ ಕಡೆಯಿಂದ ಮುಖ ತಿರುಗಿಸದೆ.

ಆಮೇಲೆ ಟಾಕಿ ಬಂತು. ಮಾವ ಮದರಾಸಿಗೆ ಹೋಗಿ ಮೂರು ನಾಲ್ಕು ಫೈಟಿಂಗ್ ಪಿಕ್ಚರುಗಳಲ್ಲಿ ಮಾಡಿದರು. ಒಂದರಲ್ಲಂತೂ ಹುಲಿಯ ಜೊತೆ ಕುಸ್ತಿ! ಯಾವುದೋ ಸರ್ಕಸ್ಸಿನ ಮುದಿ ಹುಲಿಯನ್ನು ತಂದಿದ್ದರು. ಅದು ಬೋನಿನಿಂದ ಹಾರಿ ಮಾವನ ಮೇಲೆ ಬೀಳಬೇಕು. ಅದು ನಿಧಾನವಾಗಿ ನಡೆದು ಬಂದು, ಒಂದು ಸಲ ಆಕಳಿಸಿ, ಮಾವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಮಾವ ಅದರ ಕಿವಿಯ ಹಿಂದೆ ಕೆರೆಯತೊಡಗಿದರು. ಡೈರೆಕ್ಟರು ತಲೆ ಚಚ್ಚಿಕೊಂಡು, “ಹೊಡೆದಾಡಿ ಅಂದ್ರೆ ಮುದ್ದು ಮಾಡ್ತಾ ಇದೀರಲ್ರೀ!” ಎಂದು ಕಿರುಚಿದರೆ, “ಮಂಡಿನೋವು ಸ್ವಾಮಿ, ಪಾಪ ಅದಕ್ಕೆ. ನಡೆಯೋದು ನೋಡಿದ್ರೇ ಗೊತ್ತಾಗತ್ತೆ” ಅಂದರಂತೆ ಮಾವ. ಮಾವನಿಗೆ ಮಂಡಿನೋವಿನ ಗುರುತು ಅಷ್ಟು ಚೆನ್ನಾಗಿ ಹೇಗೆ ಸಿಕ್ಕಿತೆಂದು ಆಗ ಯಾರೂ ಯೋಚಿಸಲಿಲ್ಲ.

ಆದರೂ ಹಿಂದೆ ಮುಂದೆ ಕತ್ತರಿಸಿ ಅಂಟಿಸಿ ಅದನ್ನೊಂದು ಘೋರ ಕಾಳಗ ಮಾಡಿದರು. ಮೆಜೆಸ್ಟಿಕ್ಕಿನ ಕಡೆಯ ಟೆಂಟಿನಲ್ಲಿ ಪಿಕ್ಚರು ಓಡಿದಷ್ಟು ದಿನವೂ ಮಾವ ಬೀದಿಯಲ್ಲಿ ಹೋದರೆ ಜಟಕಾದವರು ಕುದುರೆ ನಿಲ್ಲಿಸಿ ಕೈಮುಗಿಯುತ್ತಿದ್ದರು. ನಮ್ಮ ಬೀದಿಯ ಗರಡಿಯ ಪೈಲ್ವಾನರಿಗಂತೂ ಅವರು ಸಾಕ್ಷಾತ್ ದೇವರು.

ಎಷ್ಟು ದಿನ? ಐವತ್ತು ದಾಟಿದ ಮೇಲೆ ಕಂಪನಿ ಮುಚ್ಚಿತು. ಪಿಕ್ಚರುಗಳಿಗೆ ಹೊಸ ಹುಡುಗರು ಬಂದರು. ಒಂದು ದಿನ ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಗಾಂಧಿನಗರದ ಒಂದು ಪಿಕ್ಚರ್ ಆಫೀಸಿಗೆ ಹೋದರು. ಜೊತೆಗೆ ನಾನೂ ಇದ್ದೆ. ಕುರ್ಚಿಯ ಮೇಲಿದ್ದ ಮನುಷ್ಯ ಅವರಿಗೆ ಕಾಫಿ ತರಿಸಿಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದ: “ಯಜಮಾನ್ರೇ, ಫೈಟಿಗೆ ನಿಮ್ಮ ಮಂಡಿ ಒಪ್ಪಲ್ಲ. ಆಕ್ಟಿಂಗಿಗೆ ನೀವು ಒಪ್ಪಲ್ಲ. ನಾನೇನ್ ಮಾಡ್ಲಿ, ನೀವೇ ಹೇಳಿ.”

ಮಾವ ಕಾಫಿ ಪೂರ್ತಿ ಕುಡಿದರು. ನಮಸ್ಕಾರ ಹೇಳಿದರು. ಮನೆಗೆ ಬಂದು ಗದೆಯನ್ನು ಅಟ್ಟದ ಮೇಲೆ ಕುಂಬಳಕಾಯಿಗಳ ಪಕ್ಕದಲ್ಲಿ ಇಟ್ಟುಬಿಟ್ಟರು. ಅವತ್ತಿನಿಂದ ತೊಡೆ ತಟ್ಟುವ ಸದ್ದು ನಿಂತಿತು. ಬಾಗಿಲಿಗೆ ಬರುವಾಗ ರಾಜಸಭೆಗೆ ಬಂದಂತೆ ಎದೆ ಸೆಟೆಸಿ ಬರುತ್ತಿದ್ದವರು, ಗೋಡೆ ಹಿಡಿದುಕೊಂಡು ಬರತೊಡಗಿದರು. “ಮನೆ ಬಿಕೋ ಅಂತಿದೆ ಕಣೋ. ಯಾರನ್ನಾದ್ರೂ ಒಂದ್ಸಲ ಗದರಿಸ್ಲಿ ಅಂದ್ರೆ, ಹಾಲಿನವನಿಗೂ ಬನ್ನಿ ಹೋಗಿ ಅಂತಾರೆ” ಎಂದು ಅತ್ತೆ ನನ್ನ ಹತ್ತಿರ ಹೇಳಿಕೊಂಡರು. ಅದನ್ನು ಕೇಳಿ ನನಗೆ ನಗು ಬಂತು. ಮುಖ ನೋಡಿದ ಮೇಲೆ ಬರಲಿಲ್ಲ.

ಆಗ ನಾನು ಸಂಜೆ ಹೊತ್ತು ಬಸವನಗುಡಿಯ ಒಂದು ಹವ್ಯಾಸಿ ನಾಟಕ ಸಂಘದಲ್ಲಿ ಪ್ರಾಂಪ್ಟರ್ ಆಗಿದ್ದೆ. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಪಾತ್ರಧಾರಿಗಳು ಮರೆತ ಮಾತನ್ನು ಪಿಸುಗುಟ್ಟುವ ಕೆಲಸ. ಸಂಘದ ಯಜಮಾನರು ಒಬ್ಬ ಕಾಲೇಜು ಮೇಷ್ಟ್ರು. ಅವರೇ ಬರೆದ ಹೊಸ ನಾಟಕ. ಒಬ್ಬ ಮುದುಕ ನಡುಮನೆಯ ಕುರ್ಚಿಯಲ್ಲಿ ಕೂತಿರುತ್ತಾನೆ. ಒಳಕೋಣೆಯಲ್ಲಿ ಅವನ ಹೆಂಡತಿ ಕಾಯಿಲೆ ಮಲಗಿದ್ದಾಳೆ. ಅವಳು ರಂಗದ ಮೇಲೆ ಬರುವುದೇ ಇಲ್ಲ, ಕೆಮ್ಮು ಮಾತ್ರ ಕೇಳಿಸುತ್ತದೆ. ಮುದುಕ ಮೊದಲಿಂದ ಕೊನೆಯವರೆಗೆ ಎದ್ದೇಳುವುದಿಲ್ಲ. ಕೊನೆಗೆ ಡಾಕ್ಟರು ಒಳಗಿನಿಂದ ಬಂದು, ಹೋಗಿಬಿಟ್ಟರು ಅನ್ನುತ್ತಾರೆ. ಮುದುಕ ‘ದೇವರಿಚ್ಛೆ’ ಅನ್ನುತ್ತಾನೆ. ತೆರೆ ಬೀಳುತ್ತದೆ.

ಮುದುಕನ ಪಾರ್ಟಿನ ಹೆಡ್‌ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ತುಮಕೂರಿಗೆ ವರ್ಗವಾಯಿತು. ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ನನ್ನ ಬಾಯಿಂದ ಮಾವನ ಹೆಸರು ಬಂದೇಬಿಟ್ಟಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ನನ್ನ ನಾಟಕದಲ್ಲಿ ಇರೋದೇ ಒಂದು ಕುರ್ಚಿ ಕಣಯ್ಯಾ. ಅದೂ ಬಾಡಿಗೇದು!”

ಆದರೂ ಬೇರೆ ಗತಿ ಇರಲಿಲ್ಲ. ಮಾವನಿಗೆ ಹೇಳಿದೆ. “ಫೈಟು?” ಎಂದರು. ಇಲ್ಲ ಅಂದೆ. “ಕೊನೇಗಾದ್ರೂ ನಾನು ಸಾಯ್ತೀನೋ?” ಎಂದರು. ಅದೂ ಇಲ್ಲ ಅಂದೆ. ಅಡುಗೆಮನೆಯ ಕಡೆ ನೋಡಿ, ದನಿ ಇಳಿಸಿ ಕೇಳಿದರು: “ಹಾಗಾದ್ರೆ ಅವಳು ನೋಡೋಕೆ ಬರಬಹುದಲ್ವೇನೋ?”

ಅತ್ತೆಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದೂ ಅದೊಂದೇ. “ನೀವು ಸಾಯಲ್ಲ ತಾನೆ?”

“ಆಣೆಗೂ ಇಲ್ಲ ಕಣೇ. ಆರಾಮಾಗಿ ಕುರ್ಚಿ ಮೇಲೆ ಕೂತಿರ್ತೀನಿ.”

“ಹಾಗಾದ್ರೆ ಬರ್ತೀನಿ” ಎಂದು ಅತ್ತೆ ಮದುವೆಯ ಕಾಲದ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದರು. ನಾಟಕದಲ್ಲಿ ಸಾಯುವವಳು ಹೆಂಡತಿ ಎಂಬ ಮಾತನ್ನು ಮಾವ ಎತ್ತಲೇ ಇಲ್ಲ. ನಾನು ಜಗಲಿಗೆ ಕರೆದು ಕೇಳಿದೆ.

“ಹೇಳಿದ್ರೆ ಬರಲ್ಲ ಕಣೋ ಅವಳು” ಎಂದರು ಮಾವ. “ಊರೆಲ್ಲ ನನ್ನನ್ನ ನೋಡ್ತು. ಮನೆ ಹೆಂಗಸೇ ನೋಡ್ಲಿಲ್ಲ. ಇನ್ನು ಮುಂದೆ ನನ್ನನ್ನ ಯಾರೂ ಕರೆಯಲ್ಲ, ನಂಗೊತ್ತು. ಇದೇ ಕೊನೇದು. ಒಂದೇ ಒಂದ್ಸಲ ಅವಳು ನೋಡಿ, ಪರವಾಗಿಲ್ಲ ನನ್ನ ಗಂಡ ಅಂದ್ರೆ ಸಾಕು.” ಆ ದೊಡ್ಡ ಶರೀರದಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆದರೆ ಪರವಾಗಿಲ್ಲ ಅನ್ನಿಸಿಕೊಳ್ಳುವುದು ಅಷ್ಟು ಸುಲಭವೇ? ಮೊದಲ ದಿನದ ಪ್ರಾಕ್ಟೀಸಿನಲ್ಲಿ ಮಾವನ ಮೊದಲ ಮಾತು, ‘ಕಾಫಿ ಆಯಿತೇ?’ ಅದನ್ನು ಅವರು ಎದುರಾಳಿಯ ಸೈನ್ಯಕ್ಕೆ ಕೇಳಿಸುವ ಹಾಗೆ ಗರ್ಜಿಸಿ, ತೊಡೆ ತಟ್ಟಿ, ಚಪ್ಪಾಳೆ ಬೀಳಲೆಂದು ನಿಲ್ಲಿಸಿದರು. ಹೊರಗಡೆ ಮಲಗಿದ್ದ ನಾಯಿ ಎದ್ದು ಓಡಿತು. ಕೊನೆಯ ದೃಶ್ಯದಲ್ಲಿ ಡಾಕ್ಟರ ಪಾತ್ರದ ಬ್ಯಾಂಕ್ ಗುಮಾಸ್ತ ಒಳಗಿನಿಂದ ಬಂದು, “ಹೋಗಿಬಿಟ್ಟರು” ಎನ್ನುವುದೇ ತಡ, ಮಾವ ಅವನ ಕಾಲರ್ ಹಿಡಿದು ನೆಲ ಬಿಡಿಸಿ ಎತ್ತಿದರು. ಅವನು ಗಾಳಿಯಲ್ಲಿ ಕಾಲಾಡಿಸುತ್ತಾ, “ನಾನಲ್ಲ ಸಾರ್, ನಾನಲ್ಲ!” ಎಂದು ಪುಸ್ತಕದಲ್ಲಿಲ್ಲದ ಮಾತನ್ನೆಲ್ಲ ಹೇಳಿದ.

“ನೀವು ಏನೂ ಮಾಡ್ಬೇಡಿ ಸ್ವಾಮಿ!” ಮೇಷ್ಟ್ರು ಕೈಮುಗಿದರು. “ಸುಮ್ನೆ ಕೂತ್ಕೊಳಿ.”

“ಏನೂ ಮಾಡದೇ ಇರೋದಕ್ಕೆ ನಾನ್ಯಾಕ್ರೀ ಬೇಕು? ಆ ಕಂಬಕ್ಕೊಂದು ಶಾಲು ಹೊದಿಸಿ, ಕೂರಿಸಿ!”

ಹೀಗೇ ಹೋಯಿತು. ಬಾಡಿಗೆ ಕುರ್ಚಿಯ ಒಂದು ಕೈಯೂ ಹೋಯಿತು. ಕೊನೆಗೊಂದು ಸಂಜೆ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಪ್ರಾಕ್ಟೀಸು ನೋಡುತ್ತೇನೆ, ಸರಿಹೋಗದಿದ್ದರೆ ಪಾರ್ಟು ನಾನೇ ಮಾಡುತ್ತೇನೆ ಎಂದರು. ಮಾವನಿಗೆ ಅದು ಕೇಳಿಸಿತು. ಚಾಮರಾಜಪೇಟೆಯವರೆಗೂ ಅವರು ತಲೆ ತಗ್ಗಿಸಿಕೊಂಡು ನನ್ನ ಹಿಂದೆ ನಡೆದರು.

ಅವರೆಕಾಯಿಯ ಕಾಲ ಅದು. ಅತ್ತೆ ನಡುಮನೆಯಲ್ಲಿ ನೆನೆದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಬೇಳೆ ಹಿತಕುತ್ತಾ ಕೂತಿದ್ದರು. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಜಾರಿ ಮೊರಕ್ಕೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಮಾವನ ಮುಖ ನೋಡಿ ಏನಾಯಿತೆಂದು ಕೇಳಿದರು; ತೊಡೆ ತಟ್ಟಿದ್ದನ್ನೆಲ್ಲ ನಾನು ಹೇಳಿದೆ.

“ಆ ಕೈಗೆ ಮೊದಲಿಂದ ಗದೆ ಹಿಡಿದು ಅಭ್ಯಾಸ. ಈಗ ಖಾಲಿ ಬಿಟ್ರೆ ಅದು ತೊಡೇನೇ ತಟ್ಟೋದು” ಎಂದು ಮೊರವನ್ನು ಅವರ ಕಡೆಗೆ ತಳ್ಳಿದರು. “ಹಿತಕ್ತಾ ಹಿತಕ್ತಾ ಹೇಳಿ, ನೋಡೋಣ.”

ಮಾವ ಮೊದಲ ಕಾಳನ್ನು ಒತ್ತಿದ ರಭಸಕ್ಕೆ ಬೇಳೆ ಹಾರಿ ನನ್ನ ಕನ್ನಡಕಕ್ಕೆ ಹೊಡೆಯಿತು. ಎರಡನೆಯದು ದೇವರ ಪಟಕ್ಕೆ ತಗುಲಿತು. ಅತ್ತೆ, “ಮೆತ್ತಗೆ ರೀ, ಅದೇನು ರಾಕ್ಷಸನೇ?” ಎಂದು ಅವರ ಬೆರಳು ಹಿಡಿದು ತೋರಿಸಿಕೊಟ್ಟರು. ಸ್ವಲ್ಪ ಹೊತ್ತಿಗೆ ಹದ ಸಿಕ್ಕಿತು. ಕಾಳಿನ ಮೇಲೆ ಕಣ್ಣಿಟ್ಟು ಹಿತಕುತ್ತಾ ಮಾವ, “ಕಾಫಿ ಆಯಿತೇ?” ಎಂದರು. ಎಷ್ಟು ಸಹಜವಾಗಿ ಬಂತೆಂದರೆ, ಅತ್ತೆ, “ಈಗ ತಾನೆ ಕುಡಿದ್ರಲ್ಲಾ!” ಎಂದುಬಿಟ್ಟರು.

ಮರುದಿನ ಮಾವ ಕಂಕುಳಲ್ಲಿ ಮೊರ, ಕೈಯಲ್ಲಿ ಅವರೆಕಾಳಿನ ಪಾತ್ರೆ ಹಿಡಿದು ಪ್ರಾಕ್ಟೀಸಿಗೆ ಬಂದರು. ಮೇಷ್ಟ್ರು ಹಣೆ ಗಟ್ಟಿಸಿಕೊಂಡರು. ಮೊದಲ ಅಂಕ ಮುಗಿಯುವ ಹೊತ್ತಿಗೆ ಕೈ ಹಣೆಯಿಂದ ಇಳಿದಿತ್ತು. ಎರಡನೆಯ ಅಂಕಕ್ಕೆ ಪೆನ್ಸಿಲ್ ತೆಗೆದುಕೊಂಡು, ಮುದುಕನ ಹತ್ತಿರ ಹೆಂಡತಿ ‘ಹಿತಕಿದ ಬೇಳೆ’ ಸಾರು ಕೇಳಿದ್ದಾಳೆಂದು ನಾಟಕದಲ್ಲೇ ಸೇರಿಸಿದರು. ಡಾಕ್ಟರ ಪಾತ್ರದ ಗುಮಾಸ್ತ ಮಾತ್ರ ಕೊನೆಯ ದೃಶ್ಯದಲ್ಲಿ ಮಾವನ ಕೈಗೆಟುಕದಷ್ಟು ದೂರದಲ್ಲೇ ನಿಂತು ಮಾತಾಡಿದ.

ನಾಟಕದ ಭಾನುವಾರ ಬಂತು. ಬಸವನಗುಡಿಯ ಒಂದು ಶಾಲೆಯ ಹಾಲ್. ಹೆಂಗಸರ ಕಡೆಯ ಮೊದಲ ಸಾಲಿನಲ್ಲಿ ಅತ್ತೆ, ರೇಷ್ಮೆ ಸೀರೆ, ತಲೆಗೆ ಕನಕಾಂಬರ. ಅವರ ಮುಖದಲ್ಲಿ ಮದುವೆಗೆ ಬಂದ ಕಳೆ ಇತ್ತು. ಹಿಂದುಗಡೆ ಗರಡಿಯವರ ಇಡೀ ದಂಡು, ಹಾರ ಹಿಡಿದುಕೊಂಡು ಬಂದಿತ್ತು. ಅಮಲ್ದಾರರೂ ಬಂದಿದ್ದರು. “ಇವತ್ತು ಸಾಯಲ್ಲ ಅಂತ ಗ್ಯಾರಂಟಿ ಕೊಟ್ಟಿದ್ದಾರೆ” ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ತೆರೆ ಎದ್ದಿತು. ಕುರ್ಚಿಯಲ್ಲಿ ಮಾವ. ಗರಡಿಯವರು ಶಿಳ್ಳೆ ಹೊಡೆದರು. ಮಾವ ತಲೆ ಎತ್ತಲಿಲ್ಲ. ಒಂದೊಂದೇ ಕಾಳು ಹಿತಕುತ್ತಾ ಒಳಕೋಣೆಯ ಕಡೆಗೆ ಮಾತಾಡುತ್ತಾ ಹೋದರು. ಹವಾ, ಹಾಲಿನವನ ನೀರು, ಬಾಡಿಗೆ ಮನೆಯ ಸೋರುವ ಹೆಂಚು, ಇಂಥ ಮಾತೇ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನಿಂದ ಒಬ್ಬ ಪೈಲ್ವಾನ ತಡೆಯಲಾರದೆ, “ಅಣ್ಣಾ, ಏಳಣ್ಣಾ!” ಎಂದು ಕೂಗಿದ. ಜನ ನಕ್ಕರು. ಎರಡನೆಯ ಅಂಕದಲ್ಲಿ ಇನ್ನಾರೋ ಕೂಗಹೊರಟಾಗ, ಅದೇ ಪೈಲ್ವಾನ ಅವನ ಬಾಯಿ ಮುಚ್ಚಿದ್ದನ್ನು ನಾನು ಪರದೆಯ ಸಂದಿನಿಂದ ಕಂಡೆ.

ಕೊನೆಯ ದೃಶ್ಯ. ಕೆಮ್ಮು ನಿಂತಿತು. ಡಾಕ್ಟರು ಬಂದು, “ಹೋಗಿಬಿಟ್ಟರು” ಎಂದರು.

ಮಾವ ಕೇಳಿಸದವರ ಹಾಗೆ ಇನ್ನೊಂದು ಕಾಳು ತೆಗೆದುಕೊಂಡು ಹಿತಕಿದರು. ಇನ್ನೊಂದು. ಬೆರಳು ನಿಧಾನವಾಯಿತು. ನಾನು ಮರೆಯಿಂದ, ‘ದೇವರಿಚ್ಛೆ’ ಎಂದು ಪಿಸುಗುಟ್ಟಿದೆ. ಹೇಳಲಿಲ್ಲ. ಮತ್ತೆ ಪಿಸುಗುಟ್ಟಿದೆ. ಮಾತು ಮರೆತರೆಂದುಕೊಂಡೆ. ಮಾವ ಮೊರದಲ್ಲಿದ್ದ ಬೇಳೆಯನ್ನು ಅಂಗೈಯಿಂದ ಒಟ್ಟುಮಾಡಿ, ಒಳಕೋಣೆಯ ಬಾಗಿಲ ಕಡೆ ತಿರುಗಿ ಕೇಳಿದರು:

“ಏನೇ, ಇದಕ್ಕೆ ಉಪ್ಪು ಎಷ್ಟು ಹಾಕ್ಲೇ?”

ಕೇಳಿ, ಉತ್ತರಕ್ಕೆ ಕಾದರು. ಕಾಯುತ್ತಾ ಕೂತೇ ಇದ್ದರು. ಪುಸ್ತಕದಲ್ಲಿ ಆ ಮಾತು ಇರಲಿಲ್ಲ. ಯಾರ ಪುಸ್ತಕದಲ್ಲೂ ಇರಲಿಲ್ಲ, ಅದು ಅವರ ಮನೆಯ ಮಾತು. ಅತ್ತೆಯ ಕಡೆ ನೋಡಿದೆ. ಅವರು ಸೀಟಿನ ತುದಿಗೆ ಬಂದು ಕೂತಿದ್ದರು. ಅವರ ತುಟಿ ಅಲುಗುತ್ತಿತ್ತು. ಕೇಳಿದ್ದಕ್ಕೆ ಉತ್ತರ ಹೇಳಿ ಅಭ್ಯಾಸ, ಏನು ಮಾಡುತ್ತಾರೆ!

ತೆರೆ ಎಳೆಯಬೇಕಾದವನು ಮರೆತು ನಿಂತಿದ್ದ. ಆಮೇಲೆ ಒಮ್ಮೆಲೇ ಚಪ್ಪಾಳೆ. ಗರಡಿಯವರು ಎದ್ದು ನಿಂತು ಅಳುತ್ತಾ, “ಒನ್ಸ್ ಮೋರ್! ಒನ್ಸ್ ಮೋರ್!” ಎಂದು ಕೂಗಿದರು. ಬಸವನಗುಡಿಯ ಗಂಭೀರ ಜನರೂ ಕೂಗಿದರು. ಇಷ್ಟು ದೊಡ್ಡ ಒನ್ಸ್ ಮೋರ್ ಮಾವನಿಗೆ ಕಂಪನಿಯ ಕಾಲದಲ್ಲೂ ಬಿದ್ದಿರಲಿಲ್ಲ. ಡಾಕ್ಟರ ಪಾತ್ರದವನು ಮತ್ತೆ ಒಳಗೆ ಹೋಗಿ ಬರಲು ತಯಾರಾಗಿ ನಿಂತ.

ಮಾವ ನಾಟಕ ಶುರುವಾದಾಗಿನಿಂದ ಮೊದಲ ಸಲ ಕುರ್ಚಿಯಿಂದ ಎದ್ದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದು, ಹಿಂದಿನ ಸಾಲಿನವರೆಗೂ ನೋಡಿ ಕೈಮುಗಿದರು.

“ಕ್ಷಮಿಸ್ಬೇಕು. ನನ್ನ ಸಾವಾಗಿದ್ರೆ ಎಷ್ಟು ಸಲ ಬೇಕಾದ್ರೂ ತೋರಿಸ್ತಿದ್ದೆ. ಇದು ಇನ್ನೊಂದ್ಸಲ ನನ್ನ ಕೈಲಾಗಲ್ಲ.”

ಜನ್ಮದಲ್ಲಿ ಅವರು ಇಲ್ಲ ಅಂದ ಒನ್ಸ್ ಮೋರ್ ಅದೊಂದೇ. ಮೇಷ್ಟ್ರು ನನ್ನ ಪಕ್ಕದಲ್ಲಿ ನಿಂತು ಕನ್ನಡಕ ಒರೆಸುತ್ತಲೇ ಇದ್ದರು. ಇವರಿಗೆ ಆಕ್ಟಿಂಗ್ ಒಪ್ಪುವುದಿಲ್ಲವೆಂದ ಗಾಂಧಿನಗರದ ಆ ಮನುಷ್ಯ ಅಲ್ಲಿರಬೇಕಿತ್ತು ಅಂದುಕೊಂಡೆ.

ಜಟಕಾದಲ್ಲಿ ಮನೆಗೆ ಬರುವಾಗ ಅತ್ತೆ ಮುಖವನ್ನು ಬೀದಿಯ ಕಡೆಗೇ ತಿರುಗಿಸಿಕೊಂಡಿದ್ದರು. ಮಾವ ಅಪರಾಧಿಯಂತೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೆಂಡತಿ ಸಾಯುತ್ತಾಳೆಂದು ಮೊದಲೇ ಹೇಳದಿದ್ದುದಕ್ಕೆ ಇವತ್ತು ಗ್ರಹಚಾರ ಬಿಡಿಸುತ್ತಾರೆ ಎಂದು ನಾನು ಗಾಡಿಯವನ ಪಕ್ಕಕ್ಕೆ ಸರಿದು ಕೂತೆ. ಬಾಗಿಲ ಬೀಗ ತೆಗೆದದ್ದಾಯಿತು. ಅತ್ತೆ ಅಭ್ಯಾಸದಂತೆ ಮುಂದೆ ಹೆಜ್ಜೆ ಇಟ್ಟರು.

“ಅಲ್ಲೇ ನಿಂತ್ಕೋ!” ಎಂದರು ಮಾವ.

ಅತ್ತೆ ಹೊಸ್ತಿಲ ಆಚೆಯೇ ನಿಂತರು. ಮಾವ ಒಳಗೆ ಹೋದರು. ಡಬ್ಬಗಳು ಉರುಳಿದ ಸದ್ದು, ಒಂದು ಪಾತ್ರೆ ಬಿದ್ದ ಸದ್ದು ಕೇಳಿಸಿತು. ಕೊನೆಗೆ ಒಂದು ಕೈಯಲ್ಲಿ ಉಪ್ಪಿನ ಭರಣಿ, ಇನ್ನೊಂದರಲ್ಲಿ ಮೆಣಸಿನಕಾಯಿ ಹಿಡಿದು ಬಂದು ಹೆಂಡತಿಯ ಎದುರು ನಿಂತರು. ಆಮೇಲೆ ಏನು ಮಾಡಬೇಕೆಂದು ಪಾಪ, ತಿಳಿಯಲಿಲ್ಲ. ಇಷ್ಟು ವರ್ಷವೂ ನಿವಾಳಿಸಿಕೊಂಡವರೇ ಹೊರತು ನಿವಾಳಿಸಿದವರಲ್ಲ.

“ಊರಿನವರೆಲ್ಲ ಹೋದ್ಲು ಹೋದ್ಲು ಅಂದ್ಕೊಂಡಿದ್ದಾರೆ ನಿನ್ನ” ಎಂದರು. “ಏನೇ, ಉಪ್ಪು ಎಷ್ಟು ತಗೊಳ್ಲೇ?”

“ಒಂದು ಹಿಡಿ ಸಾಕು” ಎಂದರು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡು, “ಪರವಾಗಿಲ್ಲ ರೀ ನೀವು. ಎಷ್ಟು ಚೆನ್ನಾಗಿ ಮಾಡಿದ್ರಿ!” ಎಂದರು.

ಮಾವ ಆ ದೊಡ್ಡ ಕೈಯನ್ನು ಹೆಂಡತಿಯ ಮುಖದ ಮುಂದೆ ನಿಧಾನವಾಗಿ ಸುತ್ತಿದರು. ಅವರ ಕಣ್ಣಿಂದ ನೀರು ಸುರಿಯುತ್ತಲೇ ಇತ್ತು.

“ಅಯ್ಯೋ, ಯಾಕ್ರೀ ಅಳ್ತೀರಾ?”

“ಅಳು ಎಲ್ಲಿ ಬಂತೇ? ಮೆಣಸಿನಕಾಯಿ ಘಾಟು” ಎಂದರು ಮಾವ.

ಒಲೆ ಇನ್ನೂ ಹೊತ್ತಿಸಿರಲಿಲ್ಲ. ಮೆಣಸಿನಕಾಯಿ ಅವರ ಮುಷ್ಟಿಯಲ್ಲೇ ಇತ್ತು.